ರಾಜನ ಕುದುರೆ ನೆಗೆತ

ನೀಲಾಂಬಿಕೆಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಪಿರಿಯಾಪಟ್ಟಣದ ಪೇಟೆ ಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ನಂಜಣ್ಣನ ಒಬ್ಬಳೇ ಮಗಳು ಅವಳು. ಹನ್ನೆರಡು ವರ್ಷ. ಊಟಕ್ಕೆ ಕೂತರೆ ಮಂಡಿ ಅಲ್ಲಾಡುತ್ತಿತ್ತು, ಇಸ್ಕೂಲಲ್ಲಿ ಕೂತರೆ ಬೆರಳು ಸ್ಲೇಟಿನ ಮೇಲೆ ತಾಳ ಹಾಕುತ್ತಿತ್ತು. ಚದುರಂಗದ ಮುಂದೆಯೂ ಹಾಗೇ. ಒಂದು ಕಾಯಿ ನಡೆಸಿ ಎದ್ದು ಹಿತ್ತಿಲಿಗೆ ಹೋಗಿ, ಕರುವಿನ ಬೆನ್ನು ತಟ್ಟಿ, ವಾಪಸ್ಸು ಬಂದು ನಿಂತುಕೊಂಡೇ ಮುಂದಿನ ಕಾಯಿ ನಡೆಸುವಳು. ಎದುರು ಕೂತವರು ಅಷ್ಟು ಹೊತ್ತೂ ತಲೆ ಬಗ್ಗಿಸಿ ಯೋಚಿಸುತ್ತಿರುತ್ತಿದ್ದರು. ಕೊನೆಗೆ ಸೋಲುತ್ತಿದ್ದರು.

ಆಟ ಕಲಿಸಿದವಳು ಸೋದರತ್ತೆ ಸುಂದ್ರಮ್ಮ. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಆಕೆಗೆ ಅವರಪ್ಪ ದುಃಖ ಮರೆಯಲಿ ಎಂದು ಚದುರಂಗ ಹೇಳಿಕೊಟ್ಟಿದ್ದರು. ಅಪ್ಪ ಸತ್ತ ಮೇಲೆ ಆಡಲು ಜೊತೆ ಇರಲಿಲ್ಲ. ತಮ್ಮ ನಂಜಣ್ಣನಿಗೆ ಬಟ್ಟೆ ಅಳೆಯುವುದು ಬಿಟ್ಟು ಬೇರೆ ಗೊತ್ತಿರಲಿಲ್ಲ. ಆರು ವರ್ಷದ ನೀಲ ಒಂದು ದಿನ, ಅತ್ತೆ ಒಬ್ಬಳೇ ಆಡಿಕೊಳ್ಳುತ್ತಿದ್ದ ಚದುರಂಗದ ಹಾಸಿನ ಮೇಲೆ ಇಣುಕಿ, "ಅತ್ತೆ, ಈ ಕುದುರೆ ಅಲ್ಲಿಗೆ ಹೋದ್ರೆ ಎರಡು ಕಡೆ ತಿನ್ನುತ್ತೆ," ಎಂದಿದ್ದಳು. ಅಲ್ಲಿಂದ ಶುರು. ಹತ್ತು ತುಂಬುವ ಹೊತ್ತಿಗೆ ಸುಂದ್ರಮ್ಮನೇ ಸೋಲತೊಡಗಿದಳು. ಹನ್ನೆರಡಕ್ಕೆ ಪಿರಿಯಾಪಟ್ಟಣದ ಗಂಡಸರು ಯಾರೂ ಅವಳೊಂದಿಗೆ ಆಡಲು ಒಪ್ಪುತ್ತಿರಲಿಲ್ಲ.

ಸಾವಿರದೊಂಬೈನೂರ ಐವತ್ತೈದರ ಫೆಬ್ರವರಿಯಲ್ಲಿ ಹುಣಸೂರಿನ ವಾಚನಾಲಯದ ಸೋಮಯ್ಯ ಪಂಚೆ ಕೊಳ್ಳಲು ಅಂಗಡಿಗೆ ಬಂದವನು ಅತ್ತೆಯೊಂದಿಗೆ ಈ ಹುಡುಗಿ ಆಡುವ ಆಟ ನೋಡಿ ಬೆರಗಾದ. "ನಮ್ಮೂರ ಕಂಠಪ್ಪೋರ ಮೇಲೆ ಎರಡು ಆಟ ಆಡಿ ಗೆದ್ದೋರ್ನ ಮೈಸೂರಿನ ಪಂದ್ಯಕ್ಕೆ ಕಳಿಸ್ತೀವಿ ಕಣ್ರೀ. ಮಗೀನ ಕರ್ಕೊಂಡು ಬನ್ನಿ," ಎಂದ.

ನಂಜಣ್ಣ, "ಹೆಣ್ಣುಡುಗಿ, ಅಷ್ಟು ಗಂಡಸ್ರ ಮಧ್ಯೆ..." ಎಂದು ರಾಗ ಎಳೆದ.

"ನಾನಿರ್ತೀನಲ್ಲ, ಬುಡು," ಎಂದಳು ಸುಂದ್ರಮ್ಮ. ಅಪ್ಪನ ಆಟ ನಾಲ್ಕು ಜನರ ಮುಂದೆ ಗೆಲ್ಲಬೇಕೆಂಬ ಆಸೆ ಆಕೆಗೆ ಹುಡುಗಿಗಿಂತ ಹೆಚ್ಚಾಗಿತ್ತು.

ಭಾನುವಾರ ಬೆಳಿಗ್ಗೆ ಮೂವರೂ ಬಸ್ಸಿನಲ್ಲಿ ಹುಣಸೂರಿಗೆ ಬಂದರು. ದಾರಿಯುದ್ದಕ್ಕೂ ನೀಲ ಕಿಟಕಿಯ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಕಿಟಕಿಗೆ ಜಾಗ ಬದಲಾಯಿಸುತ್ತಲೇ ಇದ್ದಳು. ಕಂಠಪ್ಪನವರು ಇಸ್ಕೂಲು ಇನ್ಸ್‌ಪೆಕ್ಟರಾಗಿ ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಕಡೆಯೆಲ್ಲ ಸೈಕಲ್ ತುಳಿದು ನಿವೃತ್ತರಾದವರು. ಮೃದು ಮಾತು, ದಪ್ಪ ಕನ್ನಡಕ. ಇಂಗ್ಲಿಷ್ ಪುಸ್ತಕ ಓದಿ ಆಟ ಕಲಿತಿದ್ದರು. ವಾಚನಾಲಯದ ಬೆಂಚುಗಳ ಮೇಲೆ ಮೂವತ್ತು ಜನ ಸೇರಿದ್ದರು.

ಮೊದಲನೆಯ ನಡೆಗೇ ಕಂಠಪ್ಪನವರ ಕಾಲಾಳು ಎರಡು ಮನೆ ಹಾರಿತು. ನೀಲ ಅತ್ತೆಯ ಕಡೆ ನೋಡಿದಳು. ಅವರ ಮನೆಯಲ್ಲಿ ಕಾಲಾಳು ಎಂದೂ ಒಂದೇ ಮನೆ. ಸುಂದ್ರಮ್ಮನ ಹುಬ್ಬು ಗಂಟಿಕ್ಕಿತು. ಆದರೆ ಸುತ್ತಲಿದ್ದ ಯಾರೂ ಏನೂ ಅನ್ನಲಿಲ್ಲ. ಆಡುವುದನ್ನು ಬಿಟ್ಟು ಬೇರೆ ದಾರಿ ಕಾಣದೆ ನೀಲ ಆಡಿದಳು. ಅರ್ಧ ಗಂಟೆಯಲ್ಲಿ ಒಂದು ಒಂಟೆ ಹೆಚ್ಚಿಗೆ ಗಳಿಸಿಕೊಂಡಳು. ಬೆಂಚುಗಳಲ್ಲಿ ಗುಸುಗುಸು ಎದ್ದಿತು.

ಆಮೇಲೆ ಕಂಠಪ್ಪನವರ ಆನೆ, ಮಂತ್ರಿ ಎರಡೂ ಅವಳ ರಾಜನ ಮೇಲೆ ನುಗ್ಗಿದವು. ನೀಲ ಹೆದರಲಿಲ್ಲ. ಇಂಥ ಹೊತ್ತಿಗೆಂದೇ ಅಜ್ಜನ ಆಟದಲ್ಲಿ ಒಂದು ಉಪಾಯವಿತ್ತು: ಇನ್ನೂ ಶಾ ಬೀಳದ, ಅಂದರೆ ಎದುರಾಳಿಯ ಕಾಯಿಯ ಬೆದರಿಕೆಗೆ ಒಮ್ಮೆಯೂ ಸಿಗದ ರಾಜ ಒಂದೇ ಒಂದು ಸಲ ಕುದುರೆಯಂತೆ ನೆಗೆಯಬಹುದು. ರಾಜನನ್ನು ಎತ್ತಿ ಎರಡೂವರೆ ಮನೆ ಆಚೆಗೆ ಇಟ್ಟಳು.

ಯಾರೋ ಒಬ್ಬ ಗೊಳ್ಳೆಂದು ನಕ್ಕ. "ಲೇ, ರಾಜ ಕುದುರೆ ಆಗೋದ ಕಣ್ಲಾ!" ಎಂದು ಕೂಗಿದ.

"ಆ ನಡೆ ಇಲ್ಲಮ್ಮ," ಎಂದರು ಕಂಠಪ್ಪನವರು. "ಮುಟ್ಟಿದ ಕಾಯಿ ನಡೆಸಲೇಬೇಕು. ರಾಜನ್ನ ಬೇರೆ ಕಡೆ ಇಡು."

ಬೇರೆ ಕಡೆ ಇದ್ದದ್ದು ಒಂದೇ ಮನೆ. ಅಲ್ಲಿಟ್ಟ ಮೇಲೆ ಎರಡನೆಯ ನಡೆಗೇ ನೀಲ ಸೋತಳು.

ಸುಂದ್ರಮ್ಮ ಎದ್ದು ನಿಂತಳು. ಗಂಡಸರ ಮುಂದೆ ಗಟ್ಟಿಯಾಗಿ ಮಾತಾಡಿದವಳಲ್ಲ ಆಕೆ. ಈಗ ಎಲ್ಲರಿಗೂ ಕೇಳುವಂತೆ ಹೇಳಿದಳು. "ಇದು ಮೋಸ ಕಣ್ರೀ. ಆಟ ಹುಟ್ಟಿದ್ದು ನಮ್ಮಲ್ಲಿ. ನಮ್ಮಪ್ಪ, ಅವ್ರಪ್ಪ ಎಲ್ಲ ಹೀಗೇ ಆಡಿದ್ದು. ಸೀಮೆ ಬಿಳಿಯೋರು ಬರ್ದಿದ್ದೇ ಕಾನೂನಾ?"

"ಕೂತ್ಕೊಳಿ ತಾಯಿ," ಎಂದರು ಕಂಠಪ್ಪನವರು. ನಕ್ಕವನ ಕಡೆ ಒಮ್ಮೆ ನೋಡಿದರು. ಅವನು ತಲೆ ತಗ್ಗಿಸಿದ ಮೇಲೆ ಸುಂದ್ರಮ್ಮನತ್ತ ತಿರುಗಿದರು. "ಹುಟ್ಟಿದ್ದು ನಮ್ಮಲ್ಲೇ. ಆನೆ, ಕುದುರೆ, ರಥ, ಕಾಲಾಳು ಅಂತ ನಾಲ್ಕು ಅಂಗದ ಸೈನ್ಯ, ಅದಕ್ಕೇ ಚತುರಂಗ. ಇಲ್ಲಿಂದ ಪರ್ಷಿಯಕ್ಕೆ, ಅರಬರ ಕಡೆಗೆ, ಅಲ್ಲಿಂದ ಯುರೋಪಿಗೆ ಹೋಯ್ತು. ಹೋದ ಕಡೆಯೆಲ್ಲ ಒಂದಿಷ್ಟು ಬದಲಾಯ್ತು. ಆದ್ರೆ ಒಂದು ಮಾತು ಕೇಳ್ತೀನಿ. ನಿಮ್ಮ ಆಟದಲ್ಲಿ ಮಂತ್ರಿ ಹೇಗೆ ನಡೀತಾನೆ?"

"ಹೇಗೆ ಅಂದ್ರೆ? ಅಡ್ಡ, ಉದ್ದ, ಮೂಲೆ, ಎಷ್ಟು ದೂರ ಬೇಕಾದ್ರೂ."

"ಮೊದಲು ಮಂತ್ರಿ ಮೂಲೆಗೆ ಒಂದೇ ಮನೆ ನಡೀತಿದ್ದ. ಆ ಓಟ ಕೊಟ್ಟವರು ಯುರೋಪಿನವರು. ಅದು ತಿರುಗಿ ನಮ್ಮಲ್ಲಿಗೆ ಬಂತು. ನಿಮ್ಮ ತಂದೆ ಕಲಿಸಿದ ಆಟದೊಳಗೂ ಅವರ ಕೈ ಇದೆ ಅಮ್ಮ."

ಇಪ್ಪತ್ತು ವರ್ಷ ಸುಂದ್ರಮ್ಮ ಆ ಆಟವನ್ನು ಅಪ್ಪನ ಪೂಜೆಯ ಲಿಂಗದಷ್ಟೇ ಮಡಿಯಾಗಿ ಇಟ್ಟುಕೊಂಡಿದ್ದಳು. ಬೆಂಚಿನ ತುದಿಗೆ ಕೂತು ಸೆರಗು ಹಿಂಡತೊಡಗಿದಳು.

ನೀಲ ಮಾತ್ರ ಕಂಠಪ್ಪನವರ ಕುರ್ಚಿಯ ಪಕ್ಕ ಬಂದು ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲೂ ಇಲ್ಲ. "ಇನ್ನೂ ಏನೇನು ಬದಲಾಗಿದೆ? ಎಲ್ಲ ಹೇಳಿ."

ನಂಜಣ್ಣ ಛತ್ರಿ ಕೈಗೆತ್ತಿಕೊಂಡಿದ್ದ. "ಒಂದಾಟ ಸೋತಾಯ್ತಲ್ಲವ್ವ, ಇನ್ನೇನು ಗೆದ್ದಂಗಾಯ್ತು? ಎರಡು ಗಂಟೆ ಬಸ್ಸಿಗೆ ಹೋಗಣ ನಡಿ."

"ನಾ ಬರಲ್ಲ," ಎಂದಳು ನೀಲ.

ನಂಜಣ್ಣ ಅಕ್ಕನ ಕಡೆ ನೋಡಿದ. ಆಕೆ ತಲೆಯೆತ್ತದೆಯೇ, "ಕೂತ್ಕೋ ನಂಜ. ಮುಂದಿನ ಬಸ್ಸಿಗೆ ಹೋದ್ರಾಯ್ತು," ಎಂದಳು.

ಸೋಮಯ್ಯ ತಂದ ಉಪ್ಪಿಟ್ಟು ತಣ್ಣಗಾಯಿತು. ನೀಲ ವಾಚನಾಲಯದ ಜಗಲಿಯ ಆ ತುದಿಯಿಂದ ಈ ತುದಿಗೆ ನಡೆದಾಡುತ್ತ ಕೇಳಿದಳು. ಕಂಠಪ್ಪನವರು ಕಂಬಕ್ಕೊರಗಿ ಹೇಳಿದರು. ರಾಜನನ್ನು ಆನೆಯ ಮರೆಗೆ ಸೇರಿಸಿ ಕೋಟೆ ಕಟ್ಟುವುದು ಹೇಗೆ, ಎರಡು ಮನೆ ಹಾರಿದ ಕಾಲಾಳನ್ನು ಪಕ್ಕದ ಕಾಲಾಳು ಹೇಗೆ ತಿನ್ನಬಹುದು, ಕೊನೆಯ ಮನೆ ಮುಟ್ಟಿದ ಕಾಲಾಳು ಏನೇನಾಗಬಹುದು.

"ಶಾ ಇಲ್ಲ, ಆದ್ರೆ ನಡೆಯೋಕೆ ಮನೇನೂ ಇಲ್ಲ ಅಂದ್ರೆ? ನಮ್ಮಲ್ಲಿ ಹಾಗೆ ಕಟ್ಟಿ ಹಾಕೋ ಹಾಗಿಲ್ಲ. ಜಾಗ ಬಿಟ್ಟು ಕೊಡಬೇಕು," ಎಂದಳು ನೀಲ.

"ಇದ್ರಲ್ಲಿ ಆಟ ಅಲ್ಲಿಗೇ ನಿಲ್ಲುತ್ತೆ. ಇಬ್ಬರೂ ಸಮ."

ನೀಲ ನಡೆದಾಟ ನಿಲ್ಲಿಸಿದಳು. "ಸೋಲೋನೂ ಸಮ?"

"ಸೋಲೋನೂ ಸಮ."

ಎರಡನೆಯ ಆಟ ಮೂರು ಗಂಟೆಗೆ ಶುರುವಾಯಿತು. ಹೊಸ ನಡೆಗಳು ಅವಳ ಕೈಗೆ ಇನ್ನೂ ಹೊಂದಿರಲಿಲ್ಲ. ಕೋಟೆ ಕಟ್ಟಿದಳು, ಆದರೆ ತಡವಾಗಿ. ಕಂಠಪ್ಪನವರು ಹುಡುಗಿಯೆಂದು ಬಿಟ್ಟುಕೊಡುವವರಲ್ಲ. ನಾಲ್ಕೂವರೆಯ ಹೊತ್ತಿಗೆ ಅವರಿಗೆ ಮಂತ್ರಿ ಉಳಿದಿದ್ದ. ಅವಳಿಗೆ ಒಂದು ಆನೆ, ಮೂಲೆ ಸೇರಿದ ರಾಜ, ಅಷ್ಟೆ. ಜನ ಏಳತೊಡಗಿದರು. ನಂಜಣ್ಣ ಮತ್ತೆ ಛತ್ರಿ ಎತ್ತಿಕೊಂಡ.

ನೀಲ ಎದ್ದು ಬಾಗಿಲವರೆಗೆ ಹೋದಳು, ಬಂದಳು. ಮತ್ತೆ ಹೋದಳು. ಮೂರನೆಯ ಸಲ ಬಂದವಳು ಮಣೆಯನ್ನು ಎದುರು ಕಡೆಯಿಂದ, ಕಂಠಪ್ಪನವರ ಹೆಗಲ ಹಿಂದಿನಿಂದ ನೋಡಿದಳು. ತನ್ನ ರಾಜನ ಸುತ್ತಲಿನ ಮೂರು ಮನೆಗೂ ಅವರ ಮಂತ್ರಿ ಬೀಗ ಹಾಕಿದ್ದ. ರಾಜ ಅಲ್ಲಾಡುವಂತಿರಲಿಲ್ಲ. ಅಲ್ಲಾಡುತ್ತಿದ್ದದ್ದು ಆನೆ ಒಂದೇ.

ಈ ಕಡೆ ಬಂದು ಆನೆಯನ್ನು ಒಯ್ದು ಕಂಠಪ್ಪನವರ ರಾಜನ ಮಗ್ಗುಲಿಗೇ ಇಟ್ಟಳು. "ಶಾ."

"ಅಯ್ಯೋ, ಸುಮ್ಮನೆ ಕೊಟ್ಟುಬಿಟ್ಳಲ್ಲ," ಎಂದ ಸೋಮಯ್ಯ.

ಕಂಠಪ್ಪನವರು ತಿನ್ನಲು ಕೈ ಚಾಚಿ, ಮುಟ್ಟುವ ಮೊದಲೇ ಹಿಂದಕ್ಕೆಳೆದುಕೊಂಡರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ರಾಜನನ್ನು ಪಕ್ಕಕ್ಕೆ ಸರಿಸಿದರು. ಆನೆ ಮತ್ತೆ ಮಗ್ಗುಲಿಗೆ ಬಂತು. ಶಾ. ರಾಜ ಓಡಿದ. ಮದವೇರಿದ ಆನೆಯಂತೆ ಅದು ಹಿಂದೆಯೇ ಹೋಯಿತು. ಏಳಲು ಹೊರಟವರು ಮಣೆಯ ಸುತ್ತ ಮುತ್ತಿಕೊಂಡರು. ಆರು ಸಲ ಓಡಿದ ಮೇಲೆ ಕಂಠಪ್ಪನವರ ರಾಜನಿಗೆ ಓಡಲು ಜಾಗ ಉಳಿಯಲಿಲ್ಲ. ಉಸಿರು ಬಿಟ್ಟು ಆನೆಯನ್ನು ತಿಂದರು.

"ನಂಗೆ ನಡೆ ಇಲ್ಲ," ಎಂದಳು ನೀಲ. "ಸಮ."

ಸೋಮಯ್ಯ ಮಣೆಯನ್ನು ಎರಡೆರಡು ಸಲ ನೋಡಿ ಹೌದೆಂದ. ನಕ್ಕಿದ್ದ ಮನುಷ್ಯನೇ ಮೊದಲು ಚಪ್ಪಾಳೆ ತಟ್ಟಿದ.

ಮೈಸೂರಿಗೆ ಹೋಗುವ ಹಕ್ಕು ಕಂಠಪ್ಪನವರಿಗೇ ಸಿಕ್ಕಿತು. ಅದು ನೀಲಳಿಗೆ ಬೇಸರ ತಂದಿತೋ ಇಲ್ಲವೋ, ಮುಖ ನೋಡಿ ಹೇಳುವಂತಿರಲಿಲ್ಲ. ಆಗಲೇ ಕಾಯಿಗಳನ್ನು ಮತ್ತೆ ಜೋಡಿಸುತ್ತಿದ್ದಳು. ಕಂಠಪ್ಪನವರು ನಂಜಣ್ಣನನ್ನು ಜಗಲಿಗೆ ಕರೆದುಕೊಂಡು ಹೋಗಿ, ಭಾನುವಾರ ಭಾನುವಾರ ಹುಡುಗಿಯನ್ನು ಕಳಿಸುವಂತೆ ಕೇಳಿದರು. ನಂಜಣ್ಣ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಹದಿನಾಲ್ಕು ತುಂಬೋವರ್ಗೂ ಆಡ್ಲಿ ಸ್ವಾಮಿ. ಆಮೇಲೆ ಗಂಡು ನೋಡಬೇಕು," ಎಂದ.

ಕಂಠಪ್ಪನವರು ಸುಂದ್ರಮ್ಮನ ಬಳಿಗೂ ಬಂದರು. "ನಿಮ್ಮ ತಂದೆಯ ಆಟ ನನಗೆ ಕಲಿಸ್ತೀರಾ ತಾಯಿ? ಪುಸ್ತಕದಲ್ಲಿ ಒಂದೆರಡು ಸಾಲು ಓದಿದ್ದೀನಿ, ಅಷ್ಟೆ. ಆಡೋವ್ರನ್ನ ಕಂಡಿದ್ದು ಇವತ್ತೇ."

ಆಕೆ ಸೆರಗು ಸರಿಮಾಡಿಕೊಂಡಳು. "ಆ ಮಂತ್ರಿ ವಿಚಾರ ದಿಟವಾ?" ಎಂದು ಕೇಳಿದಳು.

"ದಿಟ."

"ಹಂಗಾದ್ರೆ ಮೊದ್ಲು ಅವನು ಒಂದೊಂದೇ ಮನೆ ನಡೀತಿದ್ದ ಆಟಾನ ನೀವು ನಂಗೆ ಹೇಳ್ಕೊಡಿ. ಆಮೇಲೆ ನಮ್ಮಪ್ಪಂದು ನಾನು ಹೇಳ್ಕೊಡ್ತೀನಿ."

ವಾಪಸ್ಸು ಬರುವ ಬಸ್ಸಿನಲ್ಲಿ ನಂಜಣ್ಣ ತೂಕಡಿಸುತ್ತಿದ್ದ. ನೀಲ ಸೀಟಿನಲ್ಲಿ ಮಂಡಿಯೂರಿ, ಹಿಂದಕ್ಕೆ ಓಡುವ ರಸ್ತೆ ನೋಡುತ್ತಿದ್ದಳು. "ಅತ್ತೆ, ಹದಿನಾಲ್ಕು ಅಂದ್ರೆ ಇನ್ನು ಎಷ್ಟು ಭಾನುವಾರ?"

"ನೂರು ಆಗಬೋದು."

"ನೂರಾ!" ಎಂದು ಹುಡುಗಿ ಹಿಗ್ಗಿದಳು. ಸುಂದ್ರಮ್ಮ ಅವಳ ಲಂಗದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಮ್ಮನನ್ನು ಹದಿನಾಲ್ಕರ ಬದಲು ಹದಿನಾರಕ್ಕೆ ಒಪ್ಪಿಸುವುದು ಹೇಗೆಂದು ಆಕೆ ಆಗಲೇ ಯೋಚಿಸತೊಡಗಿದ್ದಳು.