ವಿಲ್ಮಾ ಬಿಟ್ಟುಹೋದ ಮನೆ

ಶವಪೆಟ್ಟಿಗೆಯ ಪಕ್ಕದಲ್ಲಿದ್ದ ದೊಡ್ಡ ಹೂಚಕ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜೋಸೆಟ್ ಚರ್ಚಿನ ಬಾಗಿಲಿನತ್ತ ನಡೆದಳು.

"ಆಂಟಿ, ಅದು ಮನೆ ಮಾಲೀಕರು ಕಳಿಸಿದ್ದು," ಎಂದ ಡ್ಯಾರಿಲ್, ಸತ್ತ ವಿಲ್ಮಾಳ ತಂಗಿಯ ಮಗ.

"ಗೊತ್ತು ಕಣೋ. ಅದಕ್ಕೇ ಹೊರಗಿಡ್ತಿದೀನಿ. ಚಳಿ ಹೇಗಿರತ್ತೆ ಅಂತ ಅದಕ್ಕೂ ಗೊತ್ತಾಗ್ಲಿ."

ವಿನಿಪೆಗ್‌ನ ಜನವರಿ. ಹೊರಗೆ ಉಸಿರು ಮೀಸೆಯ ಮೇಲೇ ಹೆಪ್ಪುಗಟ್ಟುತ್ತಿತ್ತು. ಕೊನೆಯ ಸಾಲಿನಲ್ಲಿ ವಿಲ್ಮಾ ಬಾಡಿಗೆಗಿದ್ದ ಕಟ್ಟಡದ ಮ್ಯಾನೇಜರ್ ಬ್ರೆಂಟ್ ಕೂತಿದ್ದ. "ನಮ್ಮ ಮನೆಯವರ ಹಾಗೇ ಇದ್ರು," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಜೋಸೆಟ್ ಅವನ ಎದುರಿಗೇ ಬಂದು ನಿಂತಳು.

"ಮನೆಯವರನ್ನ ಬೀದಿಗೆ ಹಾಕ್ತಾರೇನಯ್ಯಾ?"

"ನಾನು ಸಂಬಳಕ್ಕಿರೋನು, ಮೇಡಂ."

*

ಆಸ್ಪತ್ರೆಯ ಲಾಂಡ್ರಿಯಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆದೇ ವಿಲ್ಮಾ ಮುದುಕಿಯಾದಳು. ಜೋಸೆಟ್‌ಳ ಎದುರು ಬಾಗಿಲೇ ಅವಳದು. ಶನಿವಾರ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಬೇಯಿಸಿದರೆ ಮಹಡಿಯವರಿಗೆಲ್ಲ ಹಂಚುತ್ತಿದ್ದಳು, "ಉಪ್ಪು ಕಡಿಮೆ ಅಂದೋರಿಗೆ ಮುಂದಿನ ವಾರ ಇಲ್ಲ" ಎಂದು ಗದರಿಸುತ್ತಲೇ.

ಬೇಸಿಗೆಯಲ್ಲಿ ಕಟ್ಟಡ ಹೊಸ ಮಾಲೀಕರ ಕೈ ಸೇರಿತು. ರಿಪೇರಿ ಎಂದು ಎಲ್ಲರನ್ನೂ ಬಿಡಿಸಿದರು. ಮುಗಿದ ಮೇಲೆ ಹೇಳಿದ ಬಾಡಿಗೆ ವಿಲ್ಮಾಳ ಪಿಂಚಣಿಯನ್ನೂ ಮೀರಿತ್ತು. ಮಗಳ ಮನೆಯ ನೆಲಮಾಳಿಗೆ ಸೇರಿದ್ದ ಜೋಸೆಟ್ ಅವಳನ್ನೂ ಕರೆದೊಯ್ದಳು. ವಿಲ್ಮಾ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ.

"ನಿನ್ನ ಮೊಮ್ಮಗಳು ನನ್ನಿಂದಾಗಿ ನೆಲದ ಮೇಲೆ ಮಲಗ್ತಾಳೆ ಕಣೇ. ನಂಗೊಂದು ರೂಮು ಸಿಕ್ಕಿದೆ."

ರೂಮು ಎಂದರೆ ಅವಳ ಹಳೆಯ ಕಾರು. ಆಸ್ಪತ್ರೆಯ ಪಾರ್ಕಿಂಗ್ ಜಾಗದಲ್ಲಿ ಹಿಮ ತೆಗೆಯುವವರು ಅದರ ಗಾಜು ತಟ್ಟಿದರು. ಅವಳು ಏಳಲಿಲ್ಲ.

*

ಮಣ್ಣು ಮುಗಿದ ಮೇಲೆ ಬ್ರೆಂಟ್ ಹತ್ತಿರ ಬಂದ. "ಅವರ ಹೊಲಿಗೆ ಮೆಷಿನ್ ಹಳೇ ಮನೇಲೇ ಉಳಿದಿದೆ. ಇವತ್ತೇ ತಗೊಂಡ್ಹೋದ್ರೆ ಒಳ್ಳೇದು."

ಜೋಸೆಟ್, ಡ್ಯಾರಿಲ್ ಇಬ್ಬರೂ ಅವನ ಜೊತೆ ಹೋದರು. ಬಾಗಿಲು ತೆಗೆದದ್ದೇ ಬಿಸಿಗಾಳಿ ಮುಖಕ್ಕೆ ಬಡಿಯಿತು. ಹೊಸ ಮರದ ನೆಲ, ಬಿಳೀ ಗೋಡೆ. ಒಂದು ಕುರ್ಚಿಯೂ ಇಲ್ಲ. ಮೂಲೆಯಲ್ಲಿ ಹೊಲಿಗೆ ಯಂತ್ರವೊಂದೇ.

"ಯಾರಿದಾರೆ ಇಲ್ಲಿ?" ಎಂದಳು ಜೋಸೆಟ್.

"ಇನ್ನೂ ಯಾರೂ ಬಂದಿಲ್ಲ."

"ಮತ್ತೆ ಹೀಟರ್ ಯಾರಿಗಯ್ಯಾ?"

"ಹಾಕ್ದೇ ಇದ್ರೆ ನೀರಿನ ಪೈಪು ಹೆಪ್ಪುಗಟ್ಟಿ ಒಡೆದುಹೋಗತ್ತೆ. ಚಳಿಗಾಲ ಪೂರ್ತಿ ಹಗಲೂ ರಾತ್ರಿ ಹಾಕಿರ್ತೀವಿ."

ಯಂತ್ರ ಎತ್ತಲು ಬಗ್ಗಿದ್ದ ಡ್ಯಾರಿಲ್ ಅಲ್ಲೇ ಕುಸಿದು ಕೂತ. ಮುಖ ಮುಚ್ಚಿಕೊಂಡು ಬಿಕ್ಕಿದ. ಅವನ ಬೂಟಿಗೆ ಅಂಟಿದ್ದ ಹಿಮ ಕರಗಿ ಹರಿಯತೊಡಗಿತು.

ಬ್ರೆಂಟ್ ಜೇಬಿನಿಂದ ಕರವಸ್ತ್ರ ತೆಗೆದ. ಹುಡುಗನಿಗೆ ಕೊಡುತ್ತಾನೆಂದುಕೊಂಡಳು ಜೋಸೆಟ್.

ಅವನು ಮಂಡಿಯೂರಿ ನೆಲ ಒರೆಸಿದ.