ಮೂರೂವರೆ ಅಡಿಯ ಹಲಗೆ

ವಿಶ್ವನಾಥ್ ಕಾರಿನ ಡಿಕ್ಕಿ ತೆಗೆದು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಾಗ ಅವನ ಮುಖದಲ್ಲಿ ಹೆರಿಗೆ ಆಸ್ಪತ್ರೆಯಿಂದ ಮಗುವನ್ನು ತರುವವನ ಕಳೆ ಇತ್ತು. ಆ ಮುಖವನ್ನು ನೆನೆಸಿಕೊಂಡರೆ ಅವನ ಹೆಂಡತಿ ಹಂಸಾಳಿಗೆ ಈಗಲೂ ಮೈ ಉರಿಯುತ್ತದೆ.

ಶಾಲೆಯ ಮಕ್ಕಳನ್ನು ಮೊಂಬಾಸಾ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದವಳು ಆ ಸೋಮವಾರ ಮಧ್ಯಾಹ್ನವಷ್ಟೇ ವಾಪಸು ಬಂದಿದ್ದಳು. ವಾರವೆಲ್ಲ ಅವಳದು ಫಿಸಿಕ್ಸ್ ಪಾಠ, ಶನಿವಾರ ಭಾನುವಾರ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಮನೆಯ ಗ್ಯಾರೇಜಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡುವ ಕೆಲಸ. ಬ್ಯಾಗು ಇಳಿಸಿ ಗ್ಯಾರೇಜಿಗೆ ಹೋಗಿ ನೋಡಿದರೆ ಅಟ್ಟದ ಮೇಲೆ ಹಲಗೆ ಇಲ್ಲ! ಗೇಟಿನ ಕಾವಲುಗಾರ ವಫುಲಾನನ್ನು ಕರೆದು, ಅರ್ಧ ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ, ಕಳ್ಳನನ್ನು ಕೇಳುವ ಹಾಗೆ ಕೇಳಿದಳು. ಹನ್ನೊಂದು ವರ್ಷದಲ್ಲಿ ಈ ಮನೆಯ ಒಂದು ಮೊಳೆಯನ್ನೂ ಮುಟ್ಟದ ಮನುಷ್ಯ. "ಸಿಜುಯಿ, ಮಾಮಾ, ನನಗೆ ಗೊತ್ತಿಲ್ಲಮ್ಮ" ಎಂದು ನೆಲ ನೋಡುತ್ತ ನಿಂತಿದ್ದ.

"ನೋಡು, ನಿನ್ನ ಮರ ರೆಡಿ!" ಎಂದ ಸಂಜೆ ಹಲಗೆ ತಂದ ವಿಶ್ವನಾಥ್.

"ಎಲ್ಲಿಗೆ ತಗೊಂಡ್ಹೋಗಿದ್ರಿ?"

"ಫ್ಯಾಕ್ಟರಿಗೆ ಕಣೇ. ಮಾತ್ರೆ ಪುಡಿ ಒಣಗಿಸೋ ಹಳೇ ಡ್ರೈಯರ್ ಒಂದು ಸುಮ್ನೆ ಬಿದ್ದಿತ್ತು. ಅರವತ್ತು ಡಿಗ್ರಿ, ಅರವತ್ತು ಗಂಟೆ. ಹದಿನಾಲ್ಕು ಪರ್ಸೆಂಟ್ ಇದ್ದ ಮಾಯಿಶ್ಚರ್ ನಾಲ್ಕಕ್ಕೆ ಬಂತು. ನೀನು ನೋಡಿದ್ರೆ ಇನ್ನೂ ಎರಡು ತಿಂಗಳು ಕಾಯ್ಬೇಕು ಅಂತಿದ್ದೆ!"

ಹಂಸಾ ಬೆಡ್‌ಶೀಟ್ ಬಿಚ್ಚಿದಳು. ನೀರು ಬೇಗ ಆರಬಾರದೆಂದು ಹಲಗೆಯ ಎರಡೂ ತುದಿಗೆ ಬಳಿದಿದ್ದ ಮೇಣ ಕರಗಿ ಹರಿದುಹೋಗಿತ್ತು. ಒಂದು ತುದಿಯಿಂದ ಹೊರಟ ಬಿರುಕು ಒಂದೂವರೆ ಅಡಿ ಒಳಗೆ ನುಗ್ಗಿತ್ತು, ಉಗುರು ತೂರುವಷ್ಟು ಅಗಲ. ಬೆಂಚಿನ ಮೇಲಿಟ್ಟರೆ ಹಲಗೆ ಕುಂಟು ಕುರ್ಚಿಯ ಹಾಗೆ ಅಲುಗಾಡಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದನಂತೆ ಎನ್ನುತ್ತಾರಲ್ಲ, ಈ ಮಹಾರಾಯನಿಗೆ ಯಾರೂ ಗಣಪತಿ ಮಾಡೆಂದು ಹೇಳಿಯೇ ಇರಲಿಲ್ಲ.

ಎರಡು ವರ್ಷದ ಕೆಳಗೆ ಲೊರೆಶೋದ ಒಂದು ಕಾಂಪೌಂಡಿನಲ್ಲಿ ಕಡಿದ ಮೇರು ಓಕ್ ಮರ ಅದು. ಗರಗಸದವನ ಪಕ್ಕದಲ್ಲೇ ನಿಂತು, ಮರದ ವಾರ್ಷಿಕ ಗೆರೆಗಳು ಹಲಗೆಯಲ್ಲಿ ನೆಟ್ಟಗೆ ನಿಲ್ಲುವಂತೆ ಕೊಯ್ಯಿಸಿದ್ದಳು. ಹಾಗೆ ಕೊಯ್ದರೆ ಮರ ಬಾಗುವುದು ಕಡಿಮೆ. ಊರಿಗೆ ಹೊರಡುವಾಗ ಸೂಟ್‌ಕೇಸು ತೂಗುವ ಕೊಕ್ಕೆ ತಕ್ಕಡಿಗೆ ಪ್ರತಿ ಭಾನುವಾರ ಅದನ್ನು ನೇತುಹಾಕಿ, ಎಷ್ಟು ಗ್ರಾಂ ಇಳಿಯಿತೆಂದು ಗೋಡೆಯ ಮೇಲೆ ಬರೆದಿಟ್ಟಿದ್ದಳು.

ಅದೆಲ್ಲ ಮೇರಿಗಾಗಿ. ಮೇರಿ ವಂಜಿಕು ಬ್ಯಾಂಡಿನಲ್ಲಿ ಗಿಟಾರ್ ನುಡಿಸುವವಳು. ಮಟಾಟು ಎಂಬ ಬಾಡಿಗೆ ವ್ಯಾನಿನ ಅಪಘಾತದಲ್ಲಿ ಎಡಗೈ ಮಣಿಕಟ್ಟು ಮುರಿದು, ಕೂಡಿದ ಮೇಲೂ ಪೂರ್ತಿ ಮಡಚುತ್ತಿರಲಿಲ್ಲ. ಸಾಮಾನ್ಯ ಗಿಟಾರಿನಲ್ಲಿ ಕತ್ತನ್ನು ಒಡಲಿಗೆ ಸ್ಕ್ರೂ ಹಾಕಿ ಕೂಡಿಸುವ ಕಡೆ ಒಂದು ಗಂಟು ಇರುತ್ತದೆ. ಮೇರಿಯ ಕೈ ಅಲ್ಲಿ ತಡೆದು ನಿಲ್ಲುತ್ತಿತ್ತು, ಮೇಲಿನ ಸ್ವರಗಳು ಸಿಗುತ್ತಿರಲಿಲ್ಲ. ಗಂಟೇ ಬೇಡವೆಂದರೆ ಕತ್ತು ತಲೆಯಿಂದ ಬುಡದವರೆಗೆ ಒಂದೇ ಮರವಾಗಿರಬೇಕು, ಒಡಲನ್ನು ಅದರ ಎರಡೂ ಬದಿಗೆ ಅಂಟಿಸಬೇಕು. ಅದಕ್ಕೆ ಮೂರೂವರೆ ಅಡಿ ಉದ್ದದ, ಒಣಗಿದ, ಡೊಂಕಿಲ್ಲದ ಹಲಗೆ ಬೇಕು. ಡಿಸೆಂಬರಿನ ಕಾರ್ಯಕ್ರಮಕ್ಕೆ ಕೊಡುತ್ತೇನೆಂದು ಹಂಸಾ ಮಾತು ಕೊಟ್ಟಿದ್ದಳು. ಅವಳು ಮಾಡಿದ ಗಿಟಾರ್ ವೇದಿಕೆ ಹತ್ತುವುದು ಇದೇ ಮೊದಲಾಗುತ್ತಿತ್ತು.

"ಒಡೆದಿದ್ರೆ ಫೆವಿಕಾಲ್ ಹಾಕು," ಎಂದ ವಿಶ್ವನಾಥ್. "ಎಲೆಕ್ಟ್ರಿಕ್ ಗಿಟಾರ್‌ಗೆ ಮರ ಯಾವ್ದಾದ್ರೇನು, ಸೌಂಡ್ ಬರೋದು ತಂತಿ ಕೆಳಗಿನ ಪಿಕಪ್‌ನಿಂದ ಅಂತ ಯೂಟ್ಯೂಬಲ್ಲಿ ನೋಡ್ದೆ. ಮರ ಮರಾನೇ ಕಣೇ."

"ಸೌಂಡ್ ಹಾಳಾಗ್ಲಿ ರೀ. ಆರು ತಂತಿ ಎಳೆತ ತಡ್ಕೊಳ್ಳೋದು ಕತ್ತು. ಕತ್ತೇ ತಿರುಚಿಕೊಂಡ್ರೆ ಶ್ರುತಿ ಎಲ್ಲಿ ನಿಲ್ಲುತ್ತೆ? ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ಕೇಳಿದ್ರೆ ಸರ್ಪ್ರೈಸ್ ಹೇಗಾಗುತ್ತೆ? ಹೆಲ್ಪ್ ಮಾಡಕ್ಕೆ ಹೋದ್ರೆ ಬೈಸ್ಕೋಬೇಕು. ಟೈಂಪಾಸ್‌ಗೆ ಮಾಡೋ ಕೆಲಸಕ್ಕೆ ಇಷ್ಟೊಂದು ಕೋಪ!"

ಟೈಂಪಾಸ್! ಕನ್ನಡ ಸಂಘದ ಊಟದಲ್ಲೂ ಅವನು ಇದನ್ನೇ ಹೇಳುತ್ತಿದ್ದ. ಹಂಸಾ ಗೇಟಿಗೆ ಹೋದಳು. ವಫುಲಾನ ಮುಂದೆ ನಿಂತು "ಸಮಹಾನಿ, ತಪ್ಪಾಯಿತು" ಎನ್ನುವಾಗ ನಾಚಿಕೆಯಿಂದ ಮುಖ ಸುಟ್ಟುಹೋಯಿತು. ಹಲಗೆ ಒಯ್ದವನು ಒಳಗೆ ಕಾಲು ಚಾಚಿ ಟಿವಿ ನೋಡುತ್ತಿದ್ದ.

ಆ ವಾರವೆಲ್ಲ ಶಾಲೆ ಬಿಟ್ಟ ಮೇಲೆ ಟಿಂಬರ್ ಯಾರ್ಡುಗಳನ್ನು ಸುತ್ತಿದಳು. ಎಲ್ಲಿ ನೋಡಿದರೂ ಹಸಿ ಮರ, ಇಲ್ಲವೇ ಗಂಟುಗಂಟಿನ ಸೈಪ್ರೆಸ್. ಶುಕ್ರವಾರ ಮೇರಿಗೆ ಫೋನ್ ಮಾಡಿ ವಿಷಯ ಹೇಳಿದಳು. ಮೇರಿ ಜಗಳವಾಡಿದ್ದರೆ ಚೆನ್ನಾಗಿತ್ತು. "ಸವಾ, ಆಯ್ತು ಹಂಸಾ. ಸಿಗೋ ಸ್ವರದಲ್ಲೇ ನುಡಿಸ್ತೀನಿ ಬಿಡು," ಎಂದಳು. ಭಾನುವಾರದವರೆಗೆ ಸಮಯ ಕೊಡು ಎಂದು ಬೇಡಿಕೊಂಡು ಫೋನ್ ಇಟ್ಟಾಗ ಹಂಸಾಳಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು.

ಶನಿವಾರ ಬೆಳಿಗ್ಗೆ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ವಿಶ್ವನಾಥ್ ಅರ್ಧ ದಿನದ ಕೆಲಸಕ್ಕೆ ಹೋಗಿದ್ದ. ಚಾದರದ ಅಂಚು ಒಳಗೆ ತುರುಕುವಾಗ ಬೆರಳ ಗೆಣ್ಣು ಮಂಚದ ಪಕ್ಕದ ಉದ್ದ ಪಟ್ಟಿಗೆ ಬಡಿದು ಪ್ರಾಣ ಹೋದಂತಾಯಿತು. ಬೈಯಲೆಂದು ಬಗ್ಗಿದವಳು ಬಗ್ಗಿದ ಹಾಗೆಯೇ ಉಳಿದಳು.

ಅದು ವಿಶ್ವನಾಥನ ಮಂಚ. ಪಾರ್ಕ್‌ಲ್ಯಾಂಡ್ಸ್‌ನ ಒಂದು ಹಳೆಯ ಗುಜರಾತಿ ಕುಟುಂಬ ಮನೆ ಮಾರಿ ಹೋಗುವಾಗ ಅವನು ಚೌಕಾಸಿ ಮಾಡಿ ತಂದದ್ದು. ಎಂಬತ್ತು ವರ್ಷದ ಮ್ವುಲೆ ಮರ. ಇಲ್ಲಿಯವರಿಗೆ ಮ್ವುಲೆ ಎಂದರೆ ನಮಗೆ ತೇಗ ಇದ್ದ ಹಾಗೆ. ಬಂದ ನೆಂಟರನ್ನೆಲ್ಲ ಮಲಗುವ ಕೋಣೆಗೇ ಕರೆದೊಯ್ದು ತೋರಿಸುತ್ತಿದ್ದ. ಮಗಳು ನಿಕಿತಾ ಒದ್ದೆ ಟವೆಲ್ ಹಾಕಿದರೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದ.

ಹಂಸಾ ಟೇಪು ಹಿಡಿದಳು. ಪಟ್ಟಿ ಆರೂವರೆ ಅಡಿ ಉದ್ದ, ಒಂಬತ್ತು ಇಂಚು ಅಗಲ, ಎರಡು ಇಂಚು ದಪ್ಪ. ಬೋಲ್ಟು ಬಿಚ್ಚಿ ತುದಿಗೆ ಟಾರ್ಚ್ ಹಿಡಿದರೆ ಗೆರೆಗಳೆಲ್ಲ ನೆಟ್ಟಗೆ ನಿಂತಿದ್ದವು. ಒಂದು ತುದಿ ಎತ್ತಿ ಹಿಡಿದು ಬೆರಳಲ್ಲಿ ತಟ್ಟಿದಳು. ಠಣ್ ಎಂದಿತು, ಆ ನಾದ ಬೇಗ ನಿಲ್ಲಲಿಲ್ಲ. ನಗರದಲ್ಲೇ ಇಷ್ಟು ಚೆನ್ನಾಗಿ ಒಣಗಿದ ಮರ ಇರಲಾರದು, ಅದರ ಮೇಲೆ ಈ ಮನುಷ್ಯ ಆರು ವರ್ಷ ಗೊರಕೆ ಹೊಡೆದಿದ್ದಾನೆ.

ಫೋನ್ ಕೈಗೆತ್ತಿಕೊಂಡಳು. ವಿಶ್ವನಾಥನ ಹೆಸರಿನ ತನಕ ಬೆರಳು ಹೋಯಿತು. ಒಂದು ಕ್ಷಣ ನೋಡಿ, ಫೋನನ್ನು ಬೋರಲು ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ನಿಕಿತಾ, ಬಾ ಇಲ್ಲಿ. ಈ ಕಡೆ ಹಿಡ್ಕೋ."

"ಅಮ್ಮಾ, ಆರ್ ಯು ಶ್ಯೂರ್? ಅಪ್ಪ ವಿಲ್ ಗೋ ಮ್ಯಾಡ್."

"ಹೋಗ್ಲಿ. ನೀನು ಹಿಡ್ಕೋ."

ಒಂದೂವರೆಗೆ ವಿಶ್ವನಾಥ್ ಬಂದ. ಮಲಗುವ ಕೋಣೆಯಲ್ಲಿ ಹಾಸಿಗೆ ಗೋಡೆಗೆ ಒರಗಿತ್ತು, ಮಂಚ ಒಂದು ಬದಿಗೆ ನೆಲ ಕಚ್ಚಿತ್ತು. ಗ್ಯಾರೇಜಿಗೆ ಓಡಿ ಬಂದಾಗ ಅಳೆದು ಕೊಯ್ದ ಮೂರೂವರೆ ಅಡಿ ಮ್ವುಲೆ ಬೆಂಚಿನ ಮೇಲಿತ್ತು, ಅದರ ಮೇಲೆ ಕತ್ತಿನ ಆಕಾರ ಪೆನ್ಸಿಲಿನಲ್ಲಿ ಮೂಡಿತ್ತು. ಮೇರಿಗೆ ಡಿಸೆಂಬರ್ ಖಚಿತವೆಂದು ಮೆಸೇಜು ಹೋಗಿ ಆಗಲೇ ಒಂದು ಗಂಟೆಯಾಗಿತ್ತು.

"ನನ್ನ ಮಂಚ!" ಎಂದು ಕಿರುಚಿದ. "ತಲೆ ಕೆಟ್ಟಿದ್ಯಾ ನಿಂಗೆ? ಎಂಬತ್ತು ವರ್ಷದ ಮರ ಅದು! ಕೊಯ್ಯೋಕೆ ಮುಂಚೆ ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಹಂಸಾ ಗರಗಸ ಕೆಳಗಿಟ್ಟಳು. "ಇನ್ನೊಂದ್ಸಲ ಹೇಳಿ."

ವಿಶ್ವನಾಥ್ ಒಂದು ಹೆಜ್ಜೆ ಮುಂದೆ ಬಂದ. ಗೋಡೆಗೆ ಒರಗಿಸಿಟ್ಟಿದ್ದ ಬಿರುಕು ಬಿಟ್ಟ ಹಲಗೆ ಕಣ್ಣಿಗೆ ಬಿತ್ತು, ಅದರ ಪಕ್ಕದಲ್ಲಿ ಎರಡು ವರ್ಷದ ತೂಕಗಳ ಪಟ್ಟಿ. ಕಾರಿನ ಕೀಲಿಯನ್ನು ಬೆಂಚಿನ ಮೇಲಿಟ್ಟು, ಹಲಗೆಯ ಬಿರುಕಿನ ಮೇಲೆ ಬೆರಳಾಡಿಸಿದ.

"ಮಂಚದ ಇನ್ನೊಂದು ಪಟ್ಟಿ ಹಾಗೇ ಇದೆ," ಎಂದಳು ಹಂಸಾ. "ಮುಂದಿನ ಆರ್ಡರ್ ಬಂದಾಗ ಕೇಳ್ತೀನಿ."