ಶಮಶೇರಸಾಬರ ವೈಫೈಗೆ ಬೀಗ ಬಿತ್ತು

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ಕಾಲಿಟ್ಟರೆ ಸಾಕು, ಮೊಬೈಲಿನ ನೆಟ್ ಹೋಗಿಬಿಡುತ್ತದೆ. ಮಾಳಿಗೆ ಏರಬೇಕು, ಇಲ್ಲವೇ ಅಂಗಳದ ಮೂಲೆಗೆ ಹೋಗಿ ಫೋನು ಮೇಲೆತ್ತಿ ಹಿಡಿಯಬೇಕು. ಮೇಡ್ಲೇರಿಯ ಶಮಶೇರಸಾಬರ ಮನೆಯಲ್ಲೂ ಇದೇ ಗೋಳಿತ್ತು. ಬಸ್ ನಿಲ್ಲುವ ಜಾಗದ ಎದುರಿಗೆ ಅವರ ಬೀಜ-ಗೊಬ್ಬರದ ಅಂಗಡಿ, ಅದರ ಹಿಂದೆಯೇ ಮನೆ. ಮಗಳು ಸಿಮ್ರಾನಳ ಆನ್‌ಲೈನ್ ಕ್ಲಾಸು ನಡುವೆಯೇ ನಿಂತುಹೋಗುವುದನ್ನು ನೋಡಿ ನೋಡಿ ಬೇಸತ್ತು, ಅವರು ಮನೆಗೆ ವೈಫೈ ಹಾಕಿಸಿದರು.

ರೌಟರ್ ಜೋಡಿಸಲು ಬಂದವನು ಒಂದರಿಂದ ಎಂಟರವರೆಗಿನ ಅಂಕಿಯನ್ನೇ ಪಾಸ್‌ವರ್ಡ್ ಮಾಡಿ, "ಆಮ್ಯಾಲ ನೀವು ಬದಲಿ ಮಾಡ್ಕೊಳ್ರಿ" ಎಂದು ಹೇಳಿಹೋದ. ಶಮಶೇರಸಾಬರು ಬದಲಿ ಮಾಡಲಿಲ್ಲ. ಸೀಮೆಸುಣ್ಣ ತಗೊಂಡು ಅದೇ ಅಂಕಿಯನ್ನು ಅಂಗಡಿಯ ಬಾಗಿಲ ಮೇಲೆ ದೊಡ್ಡದಾಗಿ ಬರೆದರು.

ಹೆಂಡತಿ ಖತೀಜಾಬಿಗೆ ಸಿಟ್ಟು ಬಂತು. "ಇದೇನ್ರಿ ಇದು? ಮನಿ ಕೀಲಿ ತಂದು ಬಾಗಲಕ್ಕ ತೂಗು ಹಾಕಿದಂಗಾತಲ್ಲ!"

"ಬಸ್ಸಿಗೆ ನಿಂತವರು ನೀರು ಕೇಳಿದ್ರ ಕೊಡ್ತೀವಿ ಇಲ್ಲೋ? ಇದೂ ಹಂಗ. ನಾಕು ಮಂದಿಗೆ ಉಪಯೋಗ ಆಗ್ಲಿ ಬಿಡು" ಎಂದರು ಶಮಶೇರಸಾಬರು.

ಅಂಗಡಿಯ ಕಟ್ಟೆ ತುಂಬಿತು. ಗುರುತಿನವರು, ಗುರುತಿಲ್ಲದವರು ಎಲ್ಲರೂ ಕುಳಿತು ಫೋನು ನೋಡತೊಡಗಿದರು. ಸಿಮ್ರಾನಳ ಕ್ಲಾಸು ಮತ್ತೆ ನಿಂತು ನಿಂತು ಬರತೊಡಗಿತು.

ಪಕ್ಕದ ಮನೆಯ ಶಾರದವ್ವನ ಸೊಸೆ ಶೈಲಾ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಬಾಗಿಲ ಮೇಲಿನ ಅಂಕಿ ನೋಡಿ ಅವಳು ಆವತ್ತೇ ಹೇಳಿದ್ದಳು. "ಕಾಕಾ, ಅದನ್ನ ಒರಸ್ರಿ. ಆ ನೆಟ್ ನಿಮ್ಮ ಹೆಸರಿನ್ಯಾಗ ಐತಿ. ಅದರಾಗ ಯಾರು ಏನು ಮಾಡಿದ್ರೂ ನಿಮ್ಮನ್ನ ಕೇಳ್ತಾರ."

"ಹೋಗವಾ, ನೀ ಭಾಳ ಓದೀದಿ, ಅದಕ್ಕ ಭಾಳ ಅಂಜತಿ" ಎಂದು ಅವರು ನಕ್ಕುಬಿಟ್ಟಿದ್ದರು.

ಒಂದು ಮಧ್ಯಾಹ್ನ ಊರವರ ಫೋನುಗಳಿಗೆಲ್ಲ ಒಂದು ಸುದ್ದಿ ಬಂತು. ಶಾಲೆಯ ನೀರಿನ ಟಾಕಿಯಲ್ಲಿ ವಿಷ ಬಿದ್ದಿದೆ, ಮಕ್ಕಳು ಎಚ್ಚರ ತಪ್ಪಿದ್ದಾರೆ ಎಂದು. ಹೊಲದಲ್ಲಿದ್ದವರು ಹೊಲದಿಂದ, ಅಡುಗೆ ಮಾಡುತ್ತಿದ್ದವರು ಒಲೆ ಬಿಟ್ಟು ಓಡಿದರು. ಶಾರದವ್ವನ ಮೊಮ್ಮಗಳೂ ಅದೇ ಶಾಲೆಯಲ್ಲಿದ್ದಳು. ಕಾಲಿಗೆ ಚಪ್ಪಲಿ ಮೆಟ್ಟದೆ ಓಡಿದ ಶಾರದವ್ವ ಗಟಾರದ ಕಲ್ಲಿಗೆ ಎಡವಿ ಬಿದ್ದಳು. ಬಲಗೈ ಮುರಿಯಿತು.

ಶಾಲೆಯಲ್ಲಿ ಮಕ್ಕಳು ಆಟ ಆಡುತ್ತಿದ್ದವು. ವಿಷವೂ ಇಲ್ಲ, ಏನೂ ಇಲ್ಲ. ಸುದ್ದಿ ಪೂರಾ ಸುಳ್ಳು.

ಕೆಲವು ದಿನ ಕಳೆದ ಮೇಲೆ ಹನುಮೇಶ ಎಂಬ ಪೊಲೀಸರೊಬ್ಬರು ಶಮಶೇರಸಾಬರ ಅಂಗಡಿಗೆ ಬಂದರು. ಕುರ್ಚಿಯ ಮೇಲೆ ಕುಳಿತು ಸಮಾಧಾನದಿಂದಲೇ ಮಾತಾಡಿದರು.

"ಸಾಹೇಬ್ರ, ಆ ಸುಳ್ಳು ಸುದ್ದಿ ಮೊದಲು ಹೋಗಿದ್ದು ನಿಮ್ಮ ಮನಿ ನೆಟ್‌ನಿಂದ. ಮನ್ಯಾಗ ಯಾರ‍್ಯಾರ ಫೋನು ಅದಾವು, ಎಲ್ಲಾ ತರಸ್ರಿ."

ಶಮಶೇರಸಾಬರು ಗಾಬರಿಯಿಂದ ಎದ್ದು ನಿಂತರು. "ನಮ್ಮ ಮನ್ಯಾಗಿಂದ? ಖರೇನರಿ? ನಾವು ಅಂಥಾವ್ರಲ್ಲರಿ!"

"ನೀವು ಮಾಡೀರಿ ಅಂತ ನಾ ಅನ್ನವಲ್ಲೆ. ಆದ್ರ ಹುಡುಕ್ಕೋಂತ ಬಂದ್ರ ದಾರಿ ನಿಮ್ಮ ಬಾಗಲಿಗೇ ಬಂದು ನಿಲ್ಲತೈತಿ." ಹನುಮೇಶ ಬಾಗಿಲ ಮೇಲಿನ ಅಂಕಿಯನ್ನು ನೋಡಿದರು.

ಸಿಮ್ರಾನ ತನ್ನ ಫೋನು ತಂದು ಕೊಟ್ಟಳು. ಮಗಳು ಪೊಲೀಸರ ಮುಂದೆ ತಲೆ ತಗ್ಗಿಸಿ ನಿಂತದ್ದು ಶಮಶೇರಸಾಬರ ಎದೆಗೆ ನಾಟಿತು. ಮನೆಯವರ ಫೋನುಗಳಲ್ಲಿ ಏನೂ ಸಿಗಲಿಲ್ಲ. ಆಮೇಲೆ ತಪ್ಪು ಮಾಡಿದವನು ಸಿಕ್ಕ. ಬಸ್ಸು ಕಾಯುತ್ತ ಕಟ್ಟೆಯ ಮೇಲೆ ಕುಳಿತಿದ್ದ ಬೇರೆ ಊರಿನವನು, ಚೇಷ್ಟೆಗೆ ಹಾಗೆ ಮಾಡಿದ್ದನಂತೆ.

ಪೊಲೀಸರು ಬಂದುಹೋದ ದಿನವೇ ಶಮಶೇರಸಾಬರು ಪಕ್ಕದ ಮನೆಗೆ ಹೋದರು. ಶಾರದವ್ವ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದಳು. ಅವರು ಅವಳ ಮುಂದೆ ನೆಲದ ಮೇಲೆ ಕುಳಿತರು.

"ನೀ ಮಾಡಿಲ್ಲ ಅನ್ನೂದು ನನಗ ಗೊತ್ತೈತಿ ಶಮಶೇರಣ್ಣ" ಎಂದಳು ಶಾರದವ್ವ. "ಆದ್ರ ಇನ್ನೊಮ್ಮೆ ಯಾರೂ ಹಿಂಗ ಓಡಬಾರದು. ಅಷ್ಟು ಮಾಡು."

ಅವರು ಶೈಲಾಳ ಕಡೆ ತಿರುಗಿದರು. "ಬಾರವಾ. ಏನೇನು ಮಾಡಬೇಕು ಎಲ್ಲಾ ಮಾಡಿ ಕೊಡು."

"ನಾ ಮಾಡಿ ಕೊಡೂದಿಲ್ಲ ಕಾಕಾ. ನಾ ಹೇಳ್ತೇನಿ, ನೀವ ಮಾಡ್ರಿ. ನಾಳೆ ನಾ ಊರಾಗ ಇರದಿದ್ರ?"

ಮೊದಲು ಬಾಗಿಲ ಮೇಲಿನ ಅಂಕಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ರೌಟರ್ ಫ್ರಿಜ್ಜಿನ ಹಿಂದೆ, ಕಬ್ಬಿಣದ ಕಪಾಟಿನ ಸಂದಿಯಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಹೊರಗೆ ತೆಗೆದು, ಒಣ ಬಟ್ಟೆಯಿಂದ ಒರೆಸಿ, ನಡುಮನೆಯ ಗೋಡೆಯ ಎತ್ತರದ ಹಲಗೆಯ ಮೇಲೆ ಇಟ್ಟರು.

"ಕಬ್ಬಿಣ ಅಡ್ಡ ಬಂದ್ರ ಸಿಗ್ನಲ್ ಮುಂದ ಹೋಗೂದಿಲ್ಲ. ಮನಿ ನಡುವ ಇದ್ರ ಎಲ್ಲಾ ಕೋಣಿಗೂ ಸಿಗತೈತಿ" ಎಂದಳು ಶೈಲಾ. "ಈಗ ಅದನ್ನ ಹೊಳ್ಳಿಸಿ ನೋಡ್ರಿ. ತಳದಾಗ ಚೀಟಿ ಅಂಟಿಸ್ಯಾರ. ಅದರಾಗಿನ ವಿಳಾಸಾನ ಫೋನಿನ ಬ್ರೌಸರ್‌ನ್ಯಾಗ ಹೊಡೀರಿ."

ಶಮಶೇರಸಾಬರು ಒಂದೊಂದೇ ಅಕ್ಷರ ಒತ್ತಿದರು. ಅದೇ ಚೀಟಿಯ ಮೇಲಿದ್ದ ಹೆಸರು, ಪಾಸ್‌ವರ್ಡ್ ಹಾಕಿದ ಮೇಲೆ ರೌಟರಿನ ಪುಟ ತೆರೆಯಿತು.

"ಇಲ್ಲಿ ಎರಡು ಪಾಸ್‌ವರ್ಡ್ ಅದಾವು ಕಾಕಾ. ಒಂದು ಈ ಪುಟದೊಳಗ ಬರಾಕ, ಇನ್ನೊಂದು ವೈಫೈ ಹಚ್ಚಾಕ. ಎರಡೂ ಬದಲಿ ಆಗಬೇಕು, ಎರಡೂ ಬ್ಯಾರೆ ಬ್ಯಾರೆ ಇರಬೇಕು. ಭದ್ರತೆ ಅನ್ನೂ ಕಡೆ ಡಬ್ಲ್ಯು.ಪಿ.ಎ. ೨ ಇಲ್ಲಾ ೩ ಆರಿಸ್ರಿ, ಆ ಬೀಗ ಗಟ್ಟಿ. ಹೆಸರು, ಹುಟ್ಟಿದ ತಾರೀಖು, ಫೋನ್ ನಂಬರ್ ಯಾವುದೂ ಬ್ಯಾಡ. ಒಂದಕ್ಕೊಂದು ಸಂಬಂಧ ಇಲ್ಲದ ಮೂರ‍್ನಾಕು ಶಬ್ದ ಜೋಡಸ್ರಿ, ನಡುವ ಅಂಕಿ ಹಾಕ್ರಿ."

ಖತೀಜಾಬಿ ಫೋನು ಕಸಿದುಕೊಂಡಳು. "ವೈಫೈ ಪಾಸ್‌ವರ್ಡ್ ನಾ ಹಾಕ್ತೇನಿ. ನೀವು ಅತ್ತಾಗ ಮಾರಿ ಮಾಡ್ರಿ!" ಸಿಮ್ರಾನ ಆವತ್ತು ಮೊದಲ ಸಲ ನಕ್ಕಳು.

ಪಾಸ್‌ವರ್ಡ್ ಬದಲಾದದ್ದೇ ತಡ, ಹೊರಗೆ ಕಟ್ಟೆಯ ಮೇಲಿದ್ದವರ ಫೋನುಗಳಲ್ಲಿ ನೆಟ್ ನಿಂತಿತು. ಶಮಶೇರಸಾಬರ ಮುಖ ಸಣ್ಣದಾಯಿತು. "ಇನ್ನ ಯಾರಿಗೂ ಇಲ್ಲಾ ಅನಬೇಕೇನವಾ?"

"ಯಾಕ ಅನಬೇಕು? ಅತಿಥಿಗಳಿಗೆ ಅಂತ ಇದರಾಗ ಬ್ಯಾರೆ ವೈಫೈ ಹಚ್ಚಾಕ ಬರತೈತಿ. ಗೆಸ್ಟ್ ಅಂತ ಬರದಾರ ನೋಡ್ರಿ. ಅದಕ್ಕೂ ಒಂದು ಪಾಸ್‌ವರ್ಡ್ ಇಡ್ರಿ. ಗುರುತಿನವರಿಗೆ ಅಷ್ಟ ಕೊಡ್ರಿ, ಆಗಾಗ ಬದಲಿ ಮಾಡ್ರಿ. ನಿಮ್ಮ ಮನಿ ಫೋನು, ಕಂಪ್ಯೂಟರ್ ತಂಟೆಗೆ ಅವರು ಬರೂದಿಲ್ಲ. ಆದ್ರ ಜವಾಬ್ದಾರಿ ನಿಮ್ಮದ. ಕೊಡೂವಾಗ ಮಾರಿ ನೋಡಿ ಕೊಡ್ರಿ."

ಹೋಗುವ ಮೊದಲು ಶೈಲಾ ಖತೀಜಾಬಿಗೆ ಇನ್ನಷ್ಟು ಹೇಳಿದಳು. ಗುಡುಗು ಸಿಡಿಲು ಶುರುವಾದರೆ ರೌಟರಿನ ಪ್ಲಗ್ ಕಿತ್ತಿಡಬೇಕು. ನೆಟ್ ನಿಧಾನವಾದರೆ ಒಮ್ಮೆ ಆರಿಸಿ, ಸ್ವಲ್ಪ ಬಿಟ್ಟು ಹಚ್ಚಬೇಕು. ಕೆಂಪು ದೀಪ ಹತ್ತಿ ಹಾಗೆಯೇ ನಿಂತರೆ ಹೊರಗೆ ವೈರಿನಲ್ಲಿ ತೊಂದರೆ ಇರಬಹುದು, ನೆಟ್ ಕೊಟ್ಟವರಿಗೆ ಫೋನು ಮಾಡಬೇಕು. ಆ ಪುಟದಲ್ಲಿ ಅಪ್‌ಡೇಟ್ ಬಂದಿದ್ದರೆ ಹಾಕಿಕೊಳ್ಳಬೇಕು. ಯಾವ ಯಾವ ಫೋನು ನಮ್ಮ ವೈಫೈಗೆ ಸೇರಿವೆ ಎಂಬುದೂ ಅಲ್ಲೇ ಕಾಣುತ್ತದೆ, ಗುರುತಿಲ್ಲದ್ದು ಕಂಡರೆ ತೆಗೆದುಹಾಕಿ ಪಾಸ್‌ವರ್ಡ್ ಬದಲಿಸಬೇಕು.

ಖತೀಜಾಬಿ ಎಲ್ಲವನ್ನೂ ಕಲಿತಳು. ಮುಂದೊಂದು ದಿನ ಯಾವನೋ ಫೋನು ಮಾಡಿ, ನಿಮ್ಮ ನೆಟ್ ಕಂಪನಿಯವನು, ಪಾಸ್‌ವರ್ಡ್ ಹೇಳಿ ಎಂದ. "ನಮ್ಮ ಮನಿಯವರಿಗೇ ಹೇಳಿಲ್ಲ, ನಿನಗ ಹೇಳ್ತೇನೇನು? ಇಡು ಫೋನ್!" ಎಂದು ಇಟ್ಟುಬಿಟ್ಟಳು.

ಸಿಮ್ರಾನಳ ಕ್ಲಾಸು ಈಗ ತಡೆಯಿಲ್ಲದೆ ನಡೆಯುತ್ತದೆ. ಮೊನ್ನೆ ಐರಣಿಯ ಹಳೆಯ ಗಿರಾಕಿ ಹಾಲಸಿದ್ದಪ್ಪ ಬೀಜಕ್ಕೆ ಬಂದಿದ್ದರು. ಎಮ್ಮೆಗೆ ಆರಾಮಿಲ್ಲ, ಮನೆಯಲ್ಲಿ ಮಗ ಇದೇ ಫೋನಿನಲ್ಲಿ ವಿಡಿಯೋ ಮಾಡಿದ್ದಾನೆ, ಅದನ್ನು ದನದ ಡಾಕ್ಟರಿಗೆ ಕಳಿಸಬೇಕು, ಫೋನಿನಲ್ಲಿ ನೆಟ್ ಇಲ್ಲ ಎಂದು ಚಡಪಡಿಸುತ್ತಿದ್ದರು. ಶಮಶೇರಸಾಬರು ಎದ್ದು ಅವರ ಫೋನಿಗೆ ಅತಿಥಿ ವೈಫೈಯನ್ನು ತಾವೇ ಜೋಡಿಸಿ ಕೊಟ್ಟರು. ವಿಡಿಯೋ ಹೋಯಿತು, ಡಾಕ್ಟರರ ಸಲಹೆಯೂ ಬಂತು.

"ಭಾಳ ಉಪಕಾರ ಆತ್ರಿ" ಎಂದರು ಹಾಲಸಿದ್ದಪ್ಪ.

"ಉಪಕಾರ ಇರಲಿ. ನಿಮ್ಮ ಮನಿಗೆ ವೈಫೈ ಹಾಕಸಿದಾಗ ಮೊದಲು ನನ್ನ ಕಡೆ ಬರ್ರಿ. ಪಾಸ್‌ವರ್ಡ್ ಹೆಂಗ ಇಡೂದು ಅಂತ ನಾ ಕಲಸ್ತೇನಿ" ಎಂದರು ಶಮಶೇರಸಾಬರು.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಇದನ್ನು ಓದಿದ ಮೇಲೆ ಎದ್ದು ನಿಮ್ಮ ಮನೆಯ ರೌಟರ್ ಹತ್ತಿರ ಹೋಗಿ. ಜೋಡಿಸಿದವರು ಇಟ್ಟ ಪಾಸ್‌ವರ್ಡೇ ಇನ್ನೂ ಇದೆಯೇ? ಇವತ್ತೇ ಬದಲಿಸಿ. ಬರದಿದ್ದರೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದರೆ ಕೈ ನಿಮ್ಮದೇ ಆಗಲಿ. ನೆರೆಯವರಿಗೆ ನೆಟ್ ಕೊಡಿ, ಯಾರಿಗೆ ಕೊಟ್ಟಿರಿ ಎಂಬುದು ತಿಳಿದಿರಲಿ. ಮನೆಯ ನೆಟ್ ಓಡುವುದು ನಿಮ್ಮ ಹೆಸರಿನಲ್ಲಿ. ಆ ಹೆಸರನ್ನು ಕಾಯುವವರೂ ನೀವೇ.